ಹಾಲಿನ ಲೆಕ್ಕವೂ ಹುಂಜದ ಬಾಕಿಯೂ

ಬ್ರಹ್ಮಾವರದ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಪತ್ರ: "ತತ್ವಶಾಸ್ತ್ರ ಅಂದರೆ ಸಾವಿಗೆ ತಯಾರಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಮೂರು ಸಾವು ಹತ್ತಿರದಿಂದ ಕಂಡವನು. ಕೊನೆಗೆ ಯಾರ ಬಾಯಲ್ಲೂ ತತ್ವ ಬರಲಿಲ್ಲ. ಬಂದದ್ದು ಹಾಲಿನ ಲೆಕ್ಕ, ಕಪಾಟಿನ ಬೀಗದ ಕೈ. ಆಗ ಬೇಕಾದದ್ದು ಡಾಕ್ಟರು."

ಡಾಕ್ಟರು ಬೇಕು ಸ್ವಾಮಿ, ಯಾರು ಬೇಡ ಅಂದರು? ನೋವಿನಲ್ಲಿ ನರಳುವವರ ತಲೆದೆಸೆಯಲ್ಲಿ ಕೂತು ಉಪನಿಷತ್ತು ಬಿಡಿಸಿ ಹೇಳುವವರನ್ನು ಕಂಡರೆ ನನಗೂ ಆಗುವುದಿಲ್ಲ. ಫ್ರಾನ್ಸಿನ ಪ್ರಬಂಧಕಾರ ಮೊಂಟೇನ್ ಕೂಡ ಕೊನೆಕೊನೆಗೆ ನಿಮ್ಮ ಕಡೆಗೇ ಬಂದ. ಸಾಯಲು ಬರುವುದಿಲ್ಲ ಅಂತ ಚಿಂತೆ ಬೇಡ, ಹೊತ್ತು ಬಂದಾಗ ಪ್ರಕೃತಿಯೇ ಕಲಿಸುತ್ತದೆ ಅಂದ. ಆದರೆ ಅಷ್ಟು ಹೇಳಲು ಅವನು ವರ್ಷಗಟ್ಟಲೆ ಅದನ್ನೇ ಯೋಚಿಸಬೇಕಾಯಿತು, ಅಲ್ವಾ?

ನನಗೆ ಸರಿ ಕಾಣದ್ದು, ಹಾಲಿನ ಲೆಕ್ಕವನ್ನು ನೀವು ಇಷ್ಟು ಹಗುರ ಮಾಡಿದ್ದು. ಕ್ರಿ.ಪೂ. 399, ಅಥೆನ್ಸಿನ ಜೈಲು. ತತ್ವ ಹಿಡಿದವನು ಮಾಡುವುದೆಲ್ಲ ಸಾಯುವ ಅಭ್ಯಾಸವೇ ಎಂದು ಸಾಕ್ರಟೀಸ್ ಅವತ್ತು ಇಡೀ ದಿನ ಗೆಳೆಯರ ಜೊತೆ ವಾದಕ್ಕೆ ಕೂತ. ಸಂಜೆ ವಿಷ ಕುಡಿದ. ಕಾಲಿನಿಂದ ಮೇಲಕ್ಕೆ ತಣ್ಣಗಾಗುತ್ತ ಬಂತು. ಆಗ ಮುಖದ ಮುಸುಕು ಸರಿಸಿ ಹೇಳಿದ್ದು ಇಷ್ಟೇ: ವೈದ್ಯದೇವರಿಗೆ ಒಂದು ಹುಂಜ ಬಾಕಿ ಇದೆ, ಕೊಟ್ಟುಬಿಡಿ. ನಮ್ಮೂರಿನ ಭೂತಕ್ಕೆ ಹರಕೆ ಹೊತ್ತವರ ಹಾಗೆ!

ಕಾಪುವಿನಲ್ಲಿದ್ದ ನನ್ನ ಸೋದರಮಾವನಿಗೆ ತಾಳಮದ್ದಳೆಯ ಹುಚ್ಚು, ವೇಷವಿಲ್ಲದೆ ಕೂತು ಮಾತಿನಲ್ಲೇ ಕಟ್ಟುವ ಯಕ್ಷಗಾನ ಅದು. ವಾಲಿವಧೆ ಅಂದರೆ ಊಟ ಬಿಟ್ಟು ಹೋಗುವವರು. ಎದೆಗೆ ಬಾಣ ನೆಟ್ಟ ವಾಲಿ, ಮರೆಯಲ್ಲಿ ಯಾಕೆ ನಿಂತೆ ಅಂತ ರಾಮನನ್ನು ಗಂಟೆಗಟ್ಟಲೆ ಕೇಳುವುದನ್ನು ನಲವತ್ತು ವರ್ಷ ಕೇಳಿದ ಜೀವ. ಹೋಗುವ ಹಿಂದಿನ ದಿನ ನನ್ನ ಕೈಯಲ್ಲಿ ಹಳೆಯ ಪಂಚಾಂಗ ತೆಗೆಸಿದರು. ಹಿಂದಿನ ಪುಟದಲ್ಲಿ ಪೆನ್ಸಿಲಿನ ಬರಹ: ಕಾಯಿ ಕೀಳುವವನಿಗೆ ನಾಲ್ಕು ಮರದ ಬಾಕಿ. ಹಣ ಕೊಟ್ಟು ಬಂದೆ. ಅದಕ್ಕೆ ಅಡ್ಡಗೆರೆ ಎಳೆಸಿದರು. ಆಮೇಲೆ, "ಗಂಜಿಗೆ ಉಪ್ಪಿನಕಾಯಿ ಉಂಟಾ?" ಅಂತ ಕೇಳಿದರು. ಹೆದರಿದ್ದರೆ ನಾಲ್ಕು ಮರ ನೆನಪಾಗುತ್ತಿತ್ತಾ? ವಾಲಿಯ ವಾದದ ಒಂದು ಪದವನ್ನೂ ಅವರು ಆಗ ಹೇಳಲಿಲ್ಲ, ನಿಜ.

ಈಗಂತೂ ಸಾವಿನ ಮಾತೆತ್ತಿದರೆ "ಬಿಡ್ತು ಅನ್ನಿ" ಅನ್ನುತ್ತಾರೆ. ಆಸ್ಪತ್ರೆಯ ವರಾಂಡದಲ್ಲಿ ಮಕ್ಕಳೆಲ್ಲ ಸೇರಿ ಪಿಸುಗುಟ್ಟುವುದು ಒಂದೇ, "ಅಜ್ಜನಿಗೆ ಹೇಳಬೇಡಿ." ಒಳಗೆ ಅಜ್ಜನಿಗೆ ಎಲ್ಲ ಗೊತ್ತು, ಮಾತಾಡಲು ಜನ ಇಲ್ಲ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಎಷ್ಟು ಬಗೆ ಪಾಯಸ ಅನ್ನುವ ಚರ್ಚೆಗೆ ಮಾತ್ರ ಬೇಕಾದಷ್ಟು ಜನ, ಜಾಸ್ತಿಯೇ.

ಅದಿರಲಿ, ಆ ಹಾಲಿನ ಲೆಕ್ಕ ಚುಕ್ತಾ ಆಯಿತಾ? ಬರೆಯಿರಿ.

– ಸಂ.