ಡಿಸೆಂಬರ್ 31ರ ತೀರ್ಮಾನ, ಫೆಬ್ರವರಿಯ ಸಿಟ್ಟು: ಬೀದರಿನ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಕೆಲಸ, ಮನೆಮಂದಿಯ ವಿವರಗಳನ್ನು ಬದಲಿಸಲಾಗಿದೆ.)

ಸಲಹೆಗೆ ಬಂದ ಸಹೋದರರೊಬ್ಬರಿಗೆ ಬೀದರ್ ಊರಿಗೆ ಹತ್ತಿಕೊಂಡಿರುವ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೂರು ಪಾಳಿಯ ಕೆಲಸ, ವಯಸ್ಸು 40ರ ಆಸುಪಾಸು. ಮನೆಯಲ್ಲಿ ತಾಯಿ, ಹೆಂಡತಿ, ಎಂಟನೇ ತರಗತಿಯ ಮಗ, ಸಣ್ಣ ಮಗಳು. ಈ ಸಹೋದರ ಮೆಥೋಡಿಸ್ಟ್ ಸಭೆಯಲ್ಲೇ ಹುಟ್ಟಿ ಬೆಳೆದವರು, ಆರಾಧನೆಯಲ್ಲಿ ಢೋಲಕ್ ಬಾರಿಸುವವರು. ಸಭಾಪಾಲಕರೇ ಆಪ್ತಸಲಹೆಗೆ ಕಳಿಸಿದ್ದರು. ಕುಳಿತ ಕೂಡಲೇ ಹೇಳಿದ್ದು ಇಷ್ಟು: "ಸರ್, ನಾ ಪ್ರಾರ್ಥನಾ ಬಿಟ್ಟಿಲ್ರಿ, ಚರ್ಚ್ ಬಿಟ್ಟಿಲ್ರಿ. ಆದ್ರ ಮನ್ಯಾಗ ನನ್ನ ಬಾಯಿ ನನ್ನ ಮಾತು ಕೇಳವಲ್ದು. ವರ್ಷಾ ವರ್ಷಾ ತೀರ್ಮಾನ ಮಾಡ್ತೀನಿ, ವರ್ಷಾ ವರ್ಷಾ ಬೀಳ್ತೀನಿ. ನನಗ ವಿಶ್ವಾಸನೇ ಇಲ್ಲೇನ್ ಅನಸ್ಲತ್ತದ."

ಬೀಳುವುದಕ್ಕೆ ಒಂದು ಕ್ರಮವಿತ್ತು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಹೊಸ ವರ್ಷಕ್ಕೆಂದು ಕೊಡುವ ವಾಗ್ದಾನದ ವಚನದ ಕಾರ್ಡು ಕೈಗೆ ಬಂದಾಗ ನಾಲ್ಕು ತೀರ್ಮಾನಗಳು ಒಟ್ಟಿಗೆ ಹುಟ್ಟುತ್ತಿದ್ದವು: ವರ್ಷದಲ್ಲಿ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸುವುದು, ಬೆಳಗಿನ 4ಕ್ಕೆ ಎದ್ದು ಒಂದು ತಾಸು ಪ್ರಾರ್ಥನೆ, ಪ್ರತಿ ಶುಕ್ರವಾರ ಉಪವಾಸ, ಮಕ್ಕಳ ಮೇಲೆ ದನಿ ಎತ್ತದಿರುವುದು. ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ. ಮುಗಿಸಬೇಕೆಂದರೆ ದಿನಕ್ಕೆ ಮೂರು ಅಧ್ಯಾಯಕ್ಕೂ ಮೇಲೆ ಓದಬೇಕು. ಆದಿಕಾಂಡ, ವಿಮೋಚನಕಾಂಡ ಸೇರಿ 90 ಅಧ್ಯಾಯ ದಾಟಿ ಯಾಜಕಕಾಂಡಕ್ಕೆ ಬರುವ ಹೊತ್ತಿಗೆ ಜನವರಿ ಮುಗಿಯುತ್ತ ಬಂದಿರುತ್ತದೆ. ಆಗ ರಾತ್ರಿ ಪಾಳಿಯ ವಾರವೊಂದು ಬಂದರೆ ಮೂರು ದಿನ ಓದು ತಪ್ಪಿ ಹತ್ತು ಅಧ್ಯಾಯ ಬಾಕಿ ಬೀಳುತ್ತದೆ. ಬಾಕಿ ಬಡ್ಡಿಯಂತೆ ಬೆಳೆದಾಗ ಪುಸ್ತಕ ಮುಟ್ಟಲಿಕ್ಕೇ ಅಂಜಿಕೆ. ಓದು ನಿಂತ ಮೇಲೆ ಪ್ರಾರ್ಥನೆಗೆ ಕೂಡಲು ನಾಚಿಕೆ. ಒಳಗೆ ತಾನು ಸೋತವನೆಂಬ ಉರಿ ಇರುವಾಗ ಮಗ ಹೋಂವರ್ಕ್ ಬರೆಯದಿದ್ದುದು ಕಣ್ಣಿಗೆ ಬಿದ್ದರೆ ಆ ಉರಿಯೆಲ್ಲ ಅವನ ಮೇಲೆ. ಮಗನ ಮೇಲೆ ಕೂಗಿದ ಮೇಲೆ ಇನ್ನಷ್ಟು ಅಪರಾಧ ಭಾವನೆ.

ಸಲಹೆಗೆ ಮುಂಚೆ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ವಿಶ್ವಾಸಿಯ ಸಿಟ್ಟೆಂದರೆ ನೇರ ವಚನಕ್ಕೆ ಹೋಗುವ ಅಭ್ಯಾಸ ನಮ್ಮ ಸಭೆಗಳಲ್ಲಿದೆ, ಅದರಿಂದ ಕಾಯಿಲೆಗಳು ಮುಚ್ಚಿಹೋಗುತ್ತವೆ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಹಿಂದಿನ ಎರಡು ವಾರಗಳ ಬಗ್ಗೆ ಕೇಳುತ್ತದೆ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರಿಂದ ವಿವರವಾದ ತಪಾಸಣೆ ಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದರಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಅವತ್ತೇ ಮುಂದಿನ ಹೆಜ್ಜೆ ಇಡಬೇಕು: ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ನ ಮನೋರೋಗ ವಿಭಾಗ, ಇಲ್ಲವೇ ಹಗಲು ರಾತ್ರಿ ಸಿಗುವ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416. ಇವರಿಗೆ ಬಂದದ್ದು 7, ಒಂಬತ್ತನೆಯದರಲ್ಲಿ ಸೊನ್ನೆ. ಕುಡಿತವಿಲ್ಲ. ಬಿಪಿ, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಲು ಹೇಳಲಾಯಿತು, ಎಲ್ಲ ಸರಿ ಇತ್ತು.

ಹೆಂಡತಿಯೊಂದಿಗೆ ಬೇರೆಯಾಗಿ ಮಾತಾಡಲಾಯಿತು. ಇದನ್ನು ಬಿಡುವಂತಿಲ್ಲ. ಗಂಡ ಪಕ್ಕದಲ್ಲಿ ಕುಳಿತಾಗ ಹೆಂಡತಿ "ಏನಿಲ್ರಿ, ಸ್ವಲ್ಪ ಸಿಟ್ಟು ಅಷ್ಟೇ" ಅನ್ನುತ್ತಾಳೆ. ಹೊಡೆತ ಬಡಿತ ಇದ್ದರೆ ಮೊದಲ ಕೆಲಸ ಅವಳ ಮತ್ತು ಮಕ್ಕಳ ಸುರಕ್ಷೆ. ಅಲ್ಲಿ ತಾಳ್ಮೆಯ ಪಾಠ ಹೇಳುವುದು ತಪ್ಪು. ಮಹಿಳಾ ಸಹಾಯವಾಣಿ 181, ಮಕ್ಕಳದು 1098. ಇಲ್ಲಿ ಹೆಂಡತಿಯ ಮೇಲೆ ಕೈ ಎತ್ತಿರಲಿಲ್ಲ. ಮಗನಿಗೆ ಎರಡು ಸಲ ಕಪಾಳಕ್ಕೆ ಹೊಡೆದಿದ್ದರು. ಇನ್ನು ಮುಂದೆ ಕೈ ಎತ್ತುವುದಿಲ್ಲ ಎಂಬುದೊಂದೇ ಇಡೀ ಸಲಹೆಯಲ್ಲಿ ರಿಯಾಯಿತಿಯಿಲ್ಲದ ಷರತ್ತು.

ನಂತರ ಎರಡು ವಾರ ಬರೆಯುವ ಕೆಲಸ. ನೂರು ಪುಟದ ನೋಟ್‌ಬುಕ್, ಪುಟಕ್ಕೆ ಐದು ಕಾಲಂ: ಎಷ್ಟು ಗಂಟೆಗೆ, ಏನು ನಡೆಯಿತು, ಆ ಕ್ಷಣ ಮನಸ್ಸಿನಲ್ಲಿ ಬಂದ ಮಾತು, ದೇಹದಲ್ಲಿ ಏನಾಯಿತು, ಹಿಂದಿನ ರಾತ್ರಿ ಎಷ್ಟು ತಾಸು ನಿದ್ದೆ. ಕೊನೆಯ ಕಾಲಂ ಯಾಕೆಂದು ಅವರು ಕೇಳಿದರು. ಉತ್ತರ ನೋಟ್‌ಬುಕ್ಕೇ ಕೊಟ್ಟಿತು. ಕೂಗಾಟದ ಹೆಚ್ಚಿನ ಪಾಲು ರಾತ್ರಿ ಪಾಳಿಯ ವಾರದಲ್ಲಿ, ಬೆಳಿಗ್ಗೆ 7ರಿಂದ 11ರ ನಡುವೆ. 6ಕ್ಕೆ ಪಾಳಿ ಬಿಟ್ಟು ಮನೆಗೆ ಬಂದು, ಬೆಳಗಿನ ಪ್ರಾರ್ಥನೆ ತಪ್ಪಬಾರದೆಂದು ತೂಕಡಿಸುತ್ತ ಕೂತು, ಮಕ್ಕಳ ಶಾಲೆಯ ಗದ್ದಲದಲ್ಲಿ ಸಿಕ್ಕಿಕೊಳ್ಳುತ್ತಿದ್ದರು. ಶುಕ್ರವಾರವಾದರೆ ಹೊಟ್ಟೆಯೂ ಖಾಲಿ. ದಿನದ ನಿದ್ದೆ ನಾಲ್ಕು ತಾಸು ದಾಟಿರಲಿಲ್ಲ.

ಇವರು ವಿಶ್ವಾಸದ ಕೊರತೆ ಎಂದುಕೊಂಡಿದ್ದರಲ್ಲಿ ಅರ್ಧ ನಿದ್ದೆಯ ಕೊರತೆ. ಈ ಮಾತು ಅವರಿಗೆ ಮೊದಲು ಅವಿಶ್ವಾಸಿಯ ಮಾತಿನಂತೆ ಕೇಳಿತು. ಆದ್ದರಿಂದ ಸತ್ಯವೇದದ 1 ಅರಸುಗಳು 19ನೇ ಅಧ್ಯಾಯವನ್ನು ಜೊತೆಗೆ ಕೂತು ನಿಧಾನವಾಗಿ ಓದಲಾಯಿತು. ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಉಂಡು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟ, ದಾರಿ ದೂರವಿದೆ ಎಂಬ ಕಾರಣ ಹೇಳಿ. ದೇವರು "ಇಲ್ಲೇನು ಮಾಡುತ್ತಿದ್ದೀ" ಎಂದು ಕೇಳಿದ್ದು ಇದಾದ ಎಷ್ಟೋ ದಿನಗಳ ಮೇಲೆ. ಅಧ್ಯಾಯ ಮುಗಿದಾಗ ಆ ಸಹೋದರ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ನಿದ್ದೆಗೆ ಕೊಟ್ಟ ಸಲಹೆ ಹೀಗಿತ್ತು. ರಾತ್ರಿ ಪಾಳಿಯಲ್ಲಿ ಕೊನೆಯ ಚಹಾ ರಾತ್ರಿ 1 ಗಂಟೆಗೆ ಮುಂಚೆ. ಚಹಾದ ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು ಐದು ತಾಸು ಬೇಕು, 4ಕ್ಕೆ ಕುಡಿದರೆ ಬೆಳಗಿನ ನಿದ್ದೆ ಕೆಡುತ್ತದೆ. ಮನೆಗೆ ಬಂದು ಕೈಕಾಲು ಮುಖ ತೊಳೆದು, ಒಂದು ಜೋಳದ ರೊಟ್ಟಿ ಪಲ್ಯ ತಿಂದು, ಎರಡು ನಿಮಿಷದ ಪ್ರಾರ್ಥನೆ ಮಾಡಿ, 7ರೊಳಗೆ ಹಾಸಿಗೆ. ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ. ಮೊಬೈಲ್ ಬೇರೆ ಕೋಣೆಯಲ್ಲಿ. ಮಕ್ಕಳನ್ನು ಶಾಲೆಗೆ ಕಳಿಸುವುದು ಆ ವಾರ ಹೆಂಡತಿ ಮತ್ತು ಅವ್ವನ ಜವಾಬ್ದಾರಿ, ಸಂಜೆ ಹೋಂವರ್ಕ್ ಅಪ್ಪನದು. ರಾತ್ರಿ ಪಾಳಿಯ ವಾರದಲ್ಲಿ ಉಪವಾಸ ಬೇಡ. ಮೊದಲ ಪಾಳಿಯ ವಾರದಲ್ಲಿ ಒಂದು ಹೊತ್ತಿನ ಉಪವಾಸ ಸಾಕು, ನೀರು ಬಿಡುವಂತಿಲ್ಲ.

ಆಮೇಲೆ ಓದು. ಇಡೀ ಸತ್ಯವೇದದ ತೀರ್ಮಾನವನ್ನು ಪಕ್ಕಕ್ಕಿಟ್ಟು ಮಾರ್ಕನ ಸುವಾರ್ತೆ ಆರಿಸಲಾಯಿತು. 16 ಅಧ್ಯಾಯ, ದಿನಕ್ಕೆ ಅರ್ಧದಂತೆ ಒಂದು ತಿಂಗಳು. ಸಮಯ ಗಡಿಯಾರಕ್ಕೆ ಕಟ್ಟಿದ್ದಲ್ಲ, ಯಾಕೆಂದರೆ ಪಾಳಿ ಬದಲಾದ ವಾರ ಗಡಿಯಾರವೂ ತಲೆಕೆಳಗಾಗುತ್ತದೆ. "ಮನೆಗೆ ಬಂದು ಮುಖ ತೊಳೆದ ಮೇಲೆ" ಎಂದು ಕೆಲಸಕ್ಕೆ ಕಟ್ಟಿದರೆ ಮೂರೂ ಪಾಳಿಗೆ ಹೊಂದುತ್ತದೆ. ಇಲ್ಲಿ ಒಂದೇ ನಿಯಮ: ತಪ್ಪಿದ ದಿನದ ಬಾಕಿ ತೀರಿಸುವಂತಿಲ್ಲ, ಮರುದಿನ ಆ ದಿನದ್ದಷ್ಟೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂಡಿಕೊಳ್ಳಲು ಹಿಡಿದ ಕಾಲದ ಮಧ್ಯಾಂಕ (ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು) 66 ದಿನ. ಮನುಷ್ಯರಿಂದ ಮನುಷ್ಯರಿಗೆ ಅದು 18ರಿಂದ 254 ದಿನದವರೆಗೆ ಬದಲಾಯಿತು, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಜ್ಞಾನೋಕ್ತಿ 24:16 ನೀತಿವಂತ ಏಳು ಸಲ ಬಿದ್ದರೂ ಏಳುತ್ತಾನೆ ಎನ್ನುತ್ತದೆ. ಬೀಳದವನೇ ನೀತಿವಂತ ಎಂದು ಅಲ್ಲಿ ಬರೆದಿಲ್ಲ.

ಸಿಟ್ಟಿಗೆ ಬರೋಣ. ಯಾಕೋಬ 1:19 ಕೇಳುವುದರಲ್ಲಿ ಬೇಗ, ಮಾತಿನಲ್ಲಿ ನಿಧಾನ, ಸಿಟ್ಟಿನಲ್ಲಿ ನಿಧಾನ ಎನ್ನುತ್ತದೆ. ನಿಧಾನವಾಗುವುದು ಹೇಗೆ ಎಂಬುದನ್ನು ದೇಹಕ್ಕೆ ಕಲಿಸಬೇಕು, ಅದೂ ಶಾಂತವಾಗಿರುವಾಗಲೇ. ನೋಟ್‌ಬುಕ್ಕಿನಲ್ಲಿ ಅವರ ದೇಹದ ಮೊದಲ ಸೂಚನೆ ಪತ್ತೆಯಾಗಿತ್ತು: ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ. ಅದರಿಂದ ಒಂದು ವಾಕ್ಯ ಮಾಡಿಕೊಂಡರು: "ದವಡಿ ಬಿಗದ್ರ, ಹತ್ತು ಉಸಿರು." ನಾಲ್ಕು ಎಣಿಸುತ್ತ ಒಳಗೆ, "ಕರ್ತನೇ" ಎಂದು, ಆರು ಎಣಿಸುತ್ತ ಹೊರಗೆ, "ಕರುಣಿಸು" ಎಂದು. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಹತ್ತಕ್ಕೆ ಎರಡು ನಿಮಿಷವೂ ಬೇಡ. ದಿನಕ್ಕೆ ಎರಡು ಸಲ, ಸಿಟ್ಟಿಲ್ಲದಾಗ ರೂಢಿ ಮಾಡಬೇಕು. ಸಿಟ್ಟು ಬಂದ ದಿನವೇ ಮೊದಲ ಸಲ ಮಾಡಹೋದರೆ ಆಗುವುದಿಲ್ಲ.

ಅಷ್ಟಕ್ಕೂ ಇಳಿಯದಿದ್ದರೆ ಅಂಗಳಕ್ಕೆ ಹೋಗುವುದು. ಆದರೆ ಹೇಳಿ ಹೋಗಬೇಕು: "ನನಗ ಸಿಟ್ಟು ಬಂದದ, ಇಪ್ಪತ್ತು ನಿಮಿಷಕ್ಕ ಬರ್ತೀನಿ." ಹೇಳದೆ ಎದ್ದು ಹೋದರೆ ಮನೆಯವರಿಗೆ ಅದು ಮುನಿಸು. ಹೇಳಿದ ಹೊತ್ತಿಗೆ ತಿರುಗಿ ಬರಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಯಾರೂ ನಂಬುವುದಿಲ್ಲ. ಈ ಹಂತದಲ್ಲಿ ತಪ್ಪು ನಡೆಯುವುದು ಅಂಗಳದಲ್ಲಿ: ಅಲ್ಲಿ ನಿಂತು ಒಳಗೆ ಹೋಗಿ ಏನೇನು ಅನ್ನಬೇಕೆಂದು ಮಾತು ಕೂಡಿಸಿದರೆ ಇಪ್ಪತ್ತು ನಿಮಿಷಕ್ಕೆ ಸಿಟ್ಟು ದುಪ್ಪಟ್ಟು. ಗಿಡಕ್ಕೆ ನೀರು ಹಾಕುವುದು, ಬೈಕ್ ಒರೆಸುವುದು, ಕೈಗೆ ಕೆಲಸ ಇರಲಿ.

ಮಗನ ಹತ್ತಿರ ಕ್ಷಮೆ ಕೇಳುವುದು ಇವರಿಗೆ ಎಲ್ಲಕ್ಕಿಂತ ಕಠಿಣವಾಯಿತು. "ಅಪ್ಪ ಮಗನಿಗೆ ಕ್ಷಮಾ ಕೇಳಿದ್ರ ಅವ ತಲಿ ಮ್ಯಾಲ ಕೂಡ್ತಾನ್ರಿ" ಎಂಬ ಭಯ. ಎಫೆಸ 6:1 ಮಕ್ಕಳಿಗೆ ಎಷ್ಟೋ ಸಲ ಓದಿಸಿದ್ದರು, ಅದೇ ಅಧ್ಯಾಯದ ನಾಲ್ಕನೇ ವಚನ, ತಂದೆಗಳು ಮಕ್ಕಳನ್ನು ಕೆಣಕಬಾರದೆಂಬುದು, ಓದಿಸಿರಲಿಲ್ಲ. ಕೊಲೊಸ್ಸೆ 3:21 ಕಾರಣವನ್ನೂ ಹೇಳುತ್ತದೆ: ಮಕ್ಕಳು ಮನಗುಂದುತ್ತಾರೆ. ಕ್ಷಮೆಗೆ ಮೂರು ಮಾತು ಬರೆದುಕೊಂಡರು. ನಾನು ಮಾಡಿದ್ದೇನು, ಅದರಿಂದ ನಿನಗೇನಾಯಿತು, ಮುಂದೆ ನಾನೇನು ಮಾಡುತ್ತೇನೆ. "ಆದ್ರ" ಎಂಬ ಮಾತು ಬರಬಾರದು, "ಕ್ಷಮಿಸು, ಆದ್ರ ನೀನೂ..." ಎಂದರೆ ಅದು ಕ್ಷಮೆಯಲ್ಲ, ಎರಡನೇ ಬೈಗುಳ. ಹುಡುಗ ಕೂಡಲೇ ಮೆತ್ತಗಾಗಬೇಕೆಂದು ಕಾಯುವುದೂ ಬೇಡ. ಅವರು ಹೇಳಿದ್ದು: "ನಿನಗ ಹೊಡದೆ, ನಿನ್ನ ದೋಸ್ತನ ಮುಂದ. ನಿನಗ ನಾಚ್ಕಿ ಆಗಿರಬೇಕು. ಇನ್ನ ಕೈ ಎತ್ತಂಗಿಲ್ಲ." ಮಗ "ಆಯ್ತು ಪಪ್ಪಾ" ಎಂದು ಆಟಕ್ಕೆ ಓಡಿದ. ಇದು ಸಾಕಾದಷ್ಟು ಒಳ್ಳೆಯ ಉತ್ತರ ಎಂದು ಅವರಿಗೆ ತಿಳಿಸಿ ಹೇಳಬೇಕಾಯಿತು.

ಇನ್ನೊಂದು ಗಂಟು ಕೊನೆಗೆ ಬಿಚ್ಚಿತು. ಅಣ್ಣ ಹೈದರಾಬಾದಿನಲ್ಲಿ ಮನೆ ಕಟ್ಟಿಸಿದ್ದ, ಸಭೆಗೆ ಬಂದಾಗಲೆಲ್ಲ ಆಶೀರ್ವಾದದ ಸಾಕ್ಷಿ ಹೇಳುತ್ತಿದ್ದ. ಆ ಭಾನುವಾರಗಳ ಸಂಜೆ ನೋಟ್‌ಬುಕ್ಕಿನಲ್ಲಿ ತಪ್ಪದೆ ಒಂದು ಸಿಟ್ಟು ದಾಖಲಾಗಿತ್ತು. ಸಾಕ್ಷಿ ಕೇಳಿ ಕುಗ್ಗುವವರು ನಮ್ಮ ಬೆಂಚುಗಳಲ್ಲಿ ಬಹಳ ಮಂದಿ ಇದ್ದಾರೆ, ಅದನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕಬಾರದು. ಗಲಾತ್ಯ 6:4 ಪ್ರತಿಯೊಬ್ಬನು ತನ್ನ ಕೆಲಸವನ್ನೇ ಪರೀಕ್ಷಿಸಿಕೊಳ್ಳಲಿ ಎನ್ನುತ್ತದೆ. ಅದಕ್ಕಿಂತ ಮೊದಲು ದುಃಖವನ್ನು ದೇವರ ಮುಂದೆ ಆಡಬೇಕು. ದೂರಿದರೆ ಅವಿಶ್ವಾಸ ಎಂದು ಇವರು ತಿಳಿದಿದ್ದರು. 13ನೇ ಕೀರ್ತನೆಯ ಮೊದಲೆರಡು ವಚನಗಳಲ್ಲಿ ದಾವೀದ "ಎಷ್ಟರವರೆಗೆ" ಎಂದು ನಾಲ್ಕು ಸಲ ಕೇಳುತ್ತಾನೆ. ಅದೇ ಮಾದರಿಯಲ್ಲಿ ತಮ್ಮ ನಾಲ್ಕು "ಎಷ್ಟರವರೆಗೆ"ಗಳನ್ನು ಬರೆದು ತರಲು ಹೇಳಲಾಯಿತು. ಅವುಗಳಲ್ಲಿ ಮೂರು ಪ್ರಶ್ನೆ ಸಾಲದ ಬಗ್ಗೆ, ಒಂದು ತೀರಿಹೋದ ಅಪ್ಪನ ಬಗ್ಗೆ.

ಒಬ್ಬರೇ ಇದನ್ನೆಲ್ಲ ಹೊರುವುದು ಕಷ್ಟ. ಆದರೆ ವಾಟ್ಸ್‌ಆ್ಯಪ್ ಗುಂಪಿಗೆ ಪ್ರಾರ್ಥನಾ ವಿನಂತಿ ಹಾಕುವುದು ಬೇಡ, ಸಂಜೆಗೆ ಅದು ಓಣಿಯ ಸುದ್ದಿಯಾಗುತ್ತದೆ. ಮೆಥೋಡಿಸ್ಟರಿಗೆ ಇದಕ್ಕೆ ಸ್ವಂತ ಪರಂಪರೆಯೇ ಇದೆ: ಮೆಥೋಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿ 1738ರ ಡಿಸೆಂಬರ್‌ನಲ್ಲಿ ಸಣ್ಣ ಕೂಟಗಳಿಗೆ ನಿಯಮ ಬರೆದು, ವಾರಕ್ಕೊಮ್ಮೆ ಕೂಡಿ ಪಾಪವನ್ನೂ ಶೋಧನೆಯನ್ನೂ ಒಬ್ಬರಿಗೊಬ್ಬರು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವ ವ್ಯವಸ್ಥೆ ಮಾಡಿದ್ದರು. ಇಲ್ಲಿ ಕೂಟದ ಬದಲು ಒಬ್ಬ ಹಿರಿಯ ಸಾಕೆಂದು ಆಯಿತು, ಮಾತು ಹೊರಗೆ ಬಿಡದ ಮನುಷ್ಯ, ಅದೇ ಕಾರ್ಖಾನೆಯವರಲ್ಲ. ವಾರಕ್ಕೆ ಹದಿನೈದು ನಿಮಿಷ, ಮೂರು ಪ್ರಶ್ನೆ: ಎಲ್ಲಿ ಬಿದ್ದಿ, ಹೇಗೆ ಎದ್ದಿ, ಎಷ್ಟು ನಿದ್ದೆ ಮಾಡಿದಿ. ಸಭಾಪಾಲಕರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನೂ ಆ ಸಹೋದರರೇ ನಿರ್ಧರಿಸಿದರು.

ಐದನೇ ವಾರ ಎಡವಿದರು. ಎಲ್ಲ ಚೆನ್ನಾಗಿ ನಡೆಯುತ್ತಿದೆ ಎಂಬ ಹುರುಪಿನಲ್ಲಿ ಅರ್ಧ ಅಧ್ಯಾಯವನ್ನು ತಾವಾಗಿ ಮೂರಕ್ಕೇರಿಸಿ, 4 ಗಂಟೆಯ ಪ್ರಾರ್ಥನೆಯನ್ನೂ ಮತ್ತೆ ತಂದರು. ಎಂಟು ದಿನದಲ್ಲಿ ನಿದ್ದೆ ಮತ್ತೆ ನಾಲ್ಕು ತಾಸಿಗೆ ಇಳಿದು, ಒಂಬತ್ತನೇ ದಿನ ಅವ್ವನ ಮೇಲೆ ಕೂಗಾಡಿದರು. ಈ ಹುರುಪು ಬರುವುದು ಸಾಮಾನ್ಯ, ಒಳ್ಳೆಯ ದಿನಗಳಲ್ಲೇ ಅಪಾಯ ಹೆಚ್ಚು. ವ್ಯತ್ಯಾಸವೆಂದರೆ ಈ ಸಲ ಅವತ್ತೇ ಸಂಜೆ ಅವ್ವನ ಹತ್ತಿರ ಕೂತು ಆ ಮೂರು ಮಾತು ಹೇಳಿದರು, ಮರುದಿನ ಅರ್ಧ ಅಧ್ಯಾಯಕ್ಕೆ ಮರಳಿದರು. ಮೊದಲಾದರೆ ಇದೇ ಬೀಳುವಿಕೆ ವಾರಗಟ್ಟಲೆ ಎಳೆಯುತ್ತಿತ್ತು.

ಮೂರು ತಿಂಗಳ ಕೊನೆಯಲ್ಲಿ ಕೂಗಾಟ ವಾರಕ್ಕೊಂದಕ್ಕೆ ಇಳಿದಿದೆ, ಕೈ ಎತ್ತಿಲ್ಲ ಎಂದು ಹೆಂಡತಿ ಬೇರೆಯಾಗಿಯೂ ದೃಢಪಡಿಸಿದ್ದಾರೆ. ಒಂಬತ್ತು ಪ್ರಶ್ನೆಗಳ ಅಂಕ 3. ಅಣ್ಣನೊಂದಿಗಿನ ಹೊಲದ ಪಾಲಿನ ಮಾತು ಇನ್ನೂ ಬಾಕಿ. ಅದನ್ನು ಮತ್ತಾಯ 18:15ರಂತೆ ಮೊದಲು ಇಬ್ಬರೇ ಕೂತು ಆಡಬೇಕು, ಹಬ್ಬದ ಊಟದ ಹೊತ್ತಿನಲ್ಲಿ ಅಲ್ಲ, ರಾತ್ರಿ ಪಾಳಿಯ ವಾರದಲ್ಲಂತೂ ಅಲ್ಲ. ಪಹಣಿಯ ಪ್ರತಿ ತೆಗೆಸಿಕೊಂಡು ಬರಲು ಹೇಳಲಾಗಿದೆ. ಏನು ಕೇಳಬೇಕು, ಎಷ್ಟಕ್ಕೆ ಒಪ್ಪಬಹುದು ಎಂಬುದನ್ನು ಮುಂದಿನ ಭೇಟಿಯಲ್ಲಿ ಕಾಗದದ ಮೇಲೆ ಬರೆಯುತ್ತೇವೆ.