ಓದುಗರ ಪ್ರಶ್ನೆ: ಯುದ್ಧದ ನಾಡಿಗೆ ಹಾಲಿನ ಪುಡಿ ಕಳಿಸಬಹುದೇ?

ಪ್ರಶ್ನೆ: ಸುಡಾನಿನಲ್ಲಿ ಯುದ್ಧದಿಂದ ಮನೆಮಠ ಕಳೆದುಕೊಂಡವರಿಗೆಂದು ನಮ್ಮ ಅಪಾರ್ಟ್‌ಮೆಂಟಿನವರು ಹಳೇ ಬಟ್ಟೆ, ಮಾತ್ರೆ, ಮಕ್ಕಳ ಹಾಲಿನ ಪುಡಿಯ 40 ಡಬ್ಬ ಸೇರಿಸಿದ್ದೇವೆ. ಕಳಿಸುವುದು ಹೇಗೆ? (ಜಯನಗರದ ಓದುಗರು)

ಉತ್ತರ: ದಯವಿಟ್ಟು ಕಳಿಸಬೇಡಿ. ಪುಡಿಯಂತೂ ಬೇಡವೇ ಬೇಡ.

ಡಬ್ಬ ಸೀಲಾಗಿದ್ದರೂ ಒಳಗಿನ ಪುಡಿ ಪೂರ್ತಿ ಕ್ರಿಮಿರಹಿತವಲ್ಲ. ಕನಿಷ್ಠ 70 ಡಿಗ್ರಿ ಬಿಸಿಯಿರುವ ನೀರಿನಲ್ಲೇ ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದಕ್ಕೇ. ಡೇರೆಯಲ್ಲಿರುವ ತಾಯಿಗೆ ನೀರು ಕಾಯಿಸಲು ಸೌದೆ ಎಲ್ಲಿಂದ ಬರಬೇಕು? ಬಾಟಲಿಯ ನಿಪ್ಪಲ್ ತೊಳೆಯಲು ಸೋಪು? ಡಬ್ಬ ತಳ ಕಂಡಾಗ ಇನ್ನೆರಡು ದಿನ ಬರಲಿ ಅಂತ ಪುಡಿ ಕಡಿಮೆ ಮಾಡಿ ನೀರು ಜಾಸ್ತಿ ಹಾಕುತ್ತಾಳೆ. ಮಗುವಿಗೆ ಭೇದಿ ಹತ್ತುತ್ತದೆ. ಮಗು ಮೊಲೆ ಚೀಪುವುದು ಕಡಿಮೆಯಾದಷ್ಟೂ ಎದೆಹಾಲೂ ಬತ್ತುತ್ತದೆ. ಡಬ್ಬ ಖಾಲಿಯಾದ ದಿನ ಎರಡೂ ಇಲ್ಲ. ತಾಯಿಯಿಲ್ಲದ ಕೂಸಿಗೆ ಪುಡಿ ಬೇಕು, ನಿಜ. ಅದನ್ನು ಅಲ್ಲಿನ ಪೌಷ್ಟಿಕ ಆಹಾರದ ತಂಡದವರು ಮಗುವನ್ನು ನೋಡಿಯೇ ಕೊಡುತ್ತಾರೆ, ಲೋಟದಲ್ಲಿ ಕುಡಿಸಲು ಕಲಿಸುತ್ತಾರೆ.

ಮಾತ್ರೆಯ ವಿಷಯ: ದಾನದ ಔಷಧಕ್ಕೆ ಅಲ್ಲಿ ತಲುಪುವಾಗ ಇನ್ನೂ ಒಂದು ವರ್ಷವಾದರೂ ಅವಧಿ ಇರಬೇಕು, ಮನೆಯಲ್ಲಿ ಬಳಸಿ ಉಳಿದದ್ದು ನಡೆಯುವುದಿಲ್ಲ. ನಮಗೆ 'ಡೋಲೋ' ಅಂದರೆ ಸಾಕು, ಅಲ್ಲಿನ ನರ್ಸಿಗೆ 'ಪ್ಯಾರಾಸಿಟಮಾಲ್' ಎಂದು ಬರೆದಿದ್ದರೇ ಗೊತ್ತಾಗುವುದು. 1992ರಿಂದ 1996ರವರೆಗೆ ಬೋಸ್ನಿಯಾಕ್ಕೆ ಬಂದ ದಾನದ ಔಷಧಗಳಲ್ಲಿ ಸುಮಾರು 17,000 ಟನ್ ಕೆಲಸಕ್ಕೆ ಬಾರದ್ದೆಂದು ಅಂದಾಜಾಯಿತು. ಸುಡುವ ಖರ್ಚೂ ಪಡೆದವರ ತಲೆಗೇ. ಬಟ್ಟೆ ಇಲ್ಲೇ ಯಾರಿಗಾದರೂ ಕೊಡಿ, ಸಾಗಣೆಯ ದುಡ್ಡು ಉಳಿಯುತ್ತದೆ.

ಹಣವೇ ಕಳಿಸಿ. ವಿದೇಶದ ಸಂಸ್ಥೆಗೆ ನೇರವಾಗಿ ಕೊಡುವುದಾದರೆ ಬ್ಯಾಂಕಿನಲ್ಲಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ) ಸೌಲಭ್ಯ ಕೇಳಿ. ಪ್ಯಾನ್ ಕಾರ್ಡ್ ಬೇಕು. ಇದು ವ್ಯಕ್ತಿಗಳಿಗೆ ಮಾತ್ರ, ನಿಮ್ಮ ಸಂಘದ ಖಾತೆಯಿಂದ ಆಗದು. ಆ ದೇಣಿಗೆಗೆ ತೆರಿಗೆ ವಿನಾಯಿತಿಯೂ ಸಿಗದು.

ಪ್ರಶ್ನೆ: ತೂಕದ ಯಂತ್ರವಿಲ್ಲದೆ ಮಗುವಿನ ಅಪೌಷ್ಟಿಕತೆ ಹೇಗೆ ಗುರುತಿಸುತ್ತಾರೆ? (ನರ್ಸಿಂಗ್ ವಿದ್ಯಾರ್ಥಿನಿ, ಯಲಹಂಕ)

ಉತ್ತರ: ರಟ್ಟೆಯ ಸುತ್ತಳತೆಯಿಂದ. 6 ತಿಂಗಳಿಂದ 59 ತಿಂಗಳವರೆಗಿನ ಮಕ್ಕಳಿಗೆ ಇದು ಅನ್ವಯ. ಎಡಗೈ ಮಡಿಸಿ ಭುಜದ ತುದಿಗೂ ಮೊಣಕೈ ತುದಿಗೂ ನಡುವಿನ ಜಾಗ ಗುರುತಿಸಿ. ಆಮೇಲೆ ಕೈ ಇಳಿಬಿಡಿಸಿ ಅಲ್ಲಿಗೆ ಬಣ್ಣದ ಗುರುತಿರುವ ಅಳತೆ ಟೇಪು ಸುತ್ತಿ. 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ. 115ರಿಂದ 125ರೊಳಗಾದರೆ ಹಳದಿ, ಅಂದರೆ ಮಧ್ಯಮ. ಹೊಸಬರು ಟೇಪನ್ನು ಬಿಗಿಯಾಗಿ ಎಳೆಯುತ್ತಾರೆ, ಆಗ ಗಟ್ಟಿಮುಟ್ಟಾದ ಮಗುವೂ ಕೆಂಪಿಗೆ ಬೀಳುತ್ತದೆ. ಎರಡೂ ಪಾದದ ಮೇಲೆ ಹೆಬ್ಬೆರಳಿಂದ 3 ಸೆಕೆಂಡ್ ಒತ್ತಿ ನೋಡುವುದನ್ನು ಮರೆಯಬೇಡಿ: ಎರಡರಲ್ಲೂ ಗುಳಿ ಹಾಗೇ ಉಳಿದರೆ ಟೇಪು ಏನೇ ಹೇಳಲಿ, ತೀವ್ರವೇ. ಅಂಥ ಮಗುವಿಗೆ ಹಸಿವಿದ್ದು ಬೇರೆ ತೊಂದರೆಯಿಲ್ಲದಿದ್ದರೆ ಕೊಡುವುದು ಕಡಲೆಕಾಯಿ ಪೇಸ್ಟಿನ 92 ಗ್ರಾಂ ಪೊಟ್ಟಣ, 500 ಕಿಲೋಕ್ಯಾಲೊರಿ. ನೀರು ಬೆರೆಸುವ ಗೋಜಿಲ್ಲ, ಕ್ರಿಮಿ ಬೆಳೆಯುವುದೂ ಕಷ್ಟ. ಬಸವನಗುಡಿ ಪರಿಷೆಯ ಕಡಲೆಕಾಯಿಯಂತೆ ಅದು ಬರೀ ಕಡಲೆಕಾಯಿಯಲ್ಲ. ಅದರಲ್ಲಿ ಹಾಲಿನ ಪುಡಿ, ಎಣ್ಣೆ, ಸಕ್ಕರೆ, ವಿಟಮಿನ್ ಎಲ್ಲ ಲೆಕ್ಕ ಹಾಕಿ ಬೆರೆಸಿರುತ್ತಾರೆ.

ಪ್ರಶ್ನೆ: ನಿರಾಶ್ರಿತರ ಶಿಬಿರದಲ್ಲಿ ಒಬ್ಬರಿಗೆ ಎಷ್ಟು ನೀರು? (ಮಹದೇವಪುರದ ಓದುಗರು)

ಉತ್ತರ: ದಿನಕ್ಕೆ ಕನಿಷ್ಠ 15 ಲೀಟರ್. ಬೇಸಿಗೆಯಲ್ಲಿ ನಿಮ್ಮ ಬೀದಿಗೆ ಬರುವ 6,000 ಲೀಟರ್ ಟ್ಯಾಂಕರ್ ಅಲ್ಲಿ 400 ಜನಕ್ಕೆ ಒಂದು ದಿನ.