ಕಂದನಿಗೂ ಒಂದು ಸೀಟು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಭಯವನ್ನು ಹೊತ್ತು ಬಂದಿವೆ: ವಿಮಾನದಲ್ಲಿ ಮಗು ಅತ್ತರೆ ಏನು ಮಾಡುವುದು? ನಾನು ಇಪ್ಪತ್ತೆರಡು ವರ್ಷ ಗಗನಸಖಿಯಾಗಿ ದುಡಿದವಳು, ಇಬ್ಬರು ಮಕ್ಕಳನ್ನು ಎತ್ತಿಕೊಂಡು ಪ್ರಯಾಣಿಸಿದ ತಾಯಿಯೂ ಹೌದು. ಅಳುವಿನ ಬಗ್ಗೆ ಖಂಡಿತ ಬರೆಯುತ್ತೇನೆ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಒಬ್ಬರೇ ಒಬ್ಬ ತಂದೆ ಕೇಳಿದ್ದಾರೆ. ಅವರಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವರು ಮನ್ನಿಸಬೇಕು.

ನನ್ನ ಮಗಳಿಗೆ ಐದು ತಿಂಗಳು. ವಿಮಾನ ಏರುವಾಗ ಸುಮ್ಮನಿದ್ದವಳು ಇಳಿಯುವಾಗ ಚೀರಿ ಚೀರಿ ಅತ್ತಳು. ಏರುವ ಮೊದಲೇ ಹೊಟ್ಟೆ ತುಂಬ ಹಾಲು ಕುಡಿಸಿದ್ದೆ. ಎಲ್ಲಿ ತಪ್ಪಿದೆ ಅಕ್ಕಾ?

ತಪ್ಪು ಹಾಲಿನಲ್ಲಿಲ್ಲ ತಾಯಿ, ಕುಡಿಸಿದ ಹೊತ್ತಿನಲ್ಲಿದೆ. ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗಲೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಏರುವಾಗ ಈ ಒತ್ತಡ ಕಡಿಮೆಯಾಗುತ್ತ ಹೋಗುತ್ತದೆ. ಕಿವಿತಮಟೆಯ ಹಿಂದೆ ಉಳಿದ ಗಾಳಿ ಗಂಟಲಿನ ಕಡೆಗಿರುವ ಸಣ್ಣ ನಾಳದ ಮೂಲಕ ತಾನಾಗಿಯೇ ಹೊರಬೀಳುತ್ತದೆ. ಇಳಿಯುವಾಗ ಇದು ತಿರುಗುಮುರುಗು. ಹೊರಗಿನ ಒತ್ತಡ ಹೆಚ್ಚುತ್ತದೆ, ತಮಟೆ ಒಳಕ್ಕೆ ಒತ್ತಿಕೊಳ್ಳುತ್ತದೆ, ಅದೇ ನಾಳದಿಂದ ಗಾಳಿ ಒಳಕ್ಕೆ ಹೋಗಬೇಕಾಗುತ್ತದೆ. ಆದರೆ ಆ ನಾಳ ಸದಾ ಮುಚ್ಚಿಕೊಂಡಿರುವಂಥದು. ನುಂಗಿದಾಗ, ಆಕಳಿಸಿದಾಗ ಮಾತ್ರ ಕ್ಷಣಕಾಲ ತೆರೆದುಕೊಳ್ಳುತ್ತದೆ. ದೊಡ್ಡವರು ಎಂಜಲು ನುಂಗಿ ಸರಿಮಾಡಿಕೊಳ್ಳುತ್ತಾರೆ. ಐದು ತಿಂಗಳ ಕೂಸಿನ ನಾಳ ಗಿಡ್ಡವಾಗಿ, ಕಿರಿದಾಗಿ, ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಇರುತ್ತದೆ. ನುಂಗಬೇಕೆಂದು ಅದಕ್ಕೆ ಹೇಳಿಕೊಡುವವರು ಯಾರು?

ಆದ್ದರಿಂದ ಹಾಲನ್ನು ಇಳಿಯುವ ಹೊತ್ತಿಗೆ ಉಳಿಸಿಕೊಳ್ಳಿ. ಚಕ್ರ ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ವಿಮಾನ ಇಳಿಯತೊಡಗುತ್ತದೆ. ಎಂಜಿನ್ ಸದ್ದು ತಗ್ಗಿ, ಮೂತಿ ತುಸು ಕೆಳಗೆ ಬಾಗಿದಂತೆ ಅನ್ನಿಸುತ್ತದೆ. ಆಗಲೇ ಎದೆಗೆ ಹಚ್ಚಿಕೊಳ್ಳಿ ಅಥವಾ ಬಾಟಲಿ ಕೊಡಿ. ಬಾಟಲಿಯಾದರೆ ಮಗುವಿನ ತಲೆ ಎತ್ತರದಲ್ಲಿರಲಿ. ಬೆಲ್ಟ್ ಕಟ್ಟಿಕೊಳ್ಳಿ ಎಂಬ ಕೊನೆಯ ಘೋಷಣೆಯವರೆಗೆ ಕಾದರೆ ತಡವಾಯಿತು. ಹಸಿವಿಲ್ಲದ ಮಗುವಿಗೆ ಚೀಪುವ ನಿಪ್ಪಲ್ ಆದರೂ ಸಾಕು.

ಇನ್ನೊಂದು ಮಾತನ್ನು ಒಪ್ಪಲು ಕಷ್ಟವಾಗುತ್ತದೆ. ಮಲಗಿರುವ ಮಗುವನ್ನು ಆ ಹೊತ್ತಿಗೆ ಎಬ್ಬಿಸಿ. ನಿದ್ದೆಯಲ್ಲಿ ಮಕ್ಕಳು ನುಂಗುವುದು ಬಹಳ ಕಡಿಮೆ. ನನ್ನ ಹಿರಿಯ ಮಗ ಮೂರು ಗಂಟೆ ಕಾಡಿಸಿ ಕೊನೆಗೆ ನಿದ್ದೆಹೋಗಿದ್ದ. ಎಬ್ಬಿಸಲು ಮನಸ್ಸು ಬರಲಿಲ್ಲ, ಬಿಟ್ಟುಬಿಟ್ಟೆ. ಹತ್ತು ನಿಮಿಷದಲ್ಲಿ ಕಿವಿ ಹಿಡಿದುಕೊಂಡು ಎದ್ದವನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಎಷ್ಟು ಮಾಡಿದರೂ ಅತ್ತರೆ ಅಳಲಿ. ಅಳುವಾಗಲೂ ಆ ನಾಳ ತೆರೆಯುತ್ತದೆ, ಮಗು ತನಗೆ ತಾನೇ ಉಪಚಾರ ಮಾಡಿಕೊಳ್ಳುತ್ತಿದೆ ಎಂದು ತಿಳಿಯಿರಿ. ಆದರೆ ನೆಗಡಿ ಬಲವಾಗಿದ್ದರೆ ಅಥವಾ ಕಿವಿಯ ಸೋಂಕು ಇದ್ದರೆ ಹೊರಡುವ ಮುನ್ನ ಮಕ್ಕಳ ವೈದ್ಯರಿಗೆ ತೋರಿಸಿಯೇ ಹೊರಡಿ.

ಹೊರಡುವ ಮೊದಲು ನಿದ್ದೆ ಬರಿಸುವ ಸಿರಪ್ ಕೊಟ್ಟರೆ ಮಗು ಆರಾಮವಾಗಿ ಮಲಗುತ್ತದೆ ಎಂದು ಬಂಧುಗಳು ಹೇಳುತ್ತಾರೆ. ಕೊಡಬಹುದೇ?

ಕೊಡಬೇಡಿ. ಅವರು ಹೇಳುವುದು ನೆಗಡಿ, ಅಲರ್ಜಿಗೆ ಕೊಡುವ ಔಷಧಿ. ನಿದ್ದೆ ಅದರ ಅಡ್ಡಪರಿಣಾಮ. ಮಕ್ಕಳ ಪ್ರಮಾಣದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಉಸಿರಾಟಕ್ಕೆ ತೊಂದರೆಯಾಗಬಹುದು. ಕೆಲವು ಮಕ್ಕಳಲ್ಲಿ ಅದು ನೇರ ಉಲ್ಟಾ ಕೆಲಸ ಮಾಡಿ, ನಿದ್ದೆಯ ಬದಲು ತಡೆಯಲಾಗದ ಚಡಪಡಿಕೆ ತರುತ್ತದೆ. ಹಾಗೆ ರಾತ್ರಿಯಿಡೀ ಒದ್ದಾಡಿದ ಮಕ್ಕಳನ್ನು ನಾನು ಕಂಡಿದ್ದೇನೆ. ಅಕ್ಕಪಕ್ಕದವರ ನೆಮ್ಮದಿಗಾಗಿ ಮಗುವಿಗೆ ಔಷಧಿ ಹಾಕುವ ಯೋಚನೆಯನ್ನೇ ಬಿಡಿ.

ನಮ್ಮ ಮಗನಿಗೆ ಹದಿನಾಲ್ಕು ತಿಂಗಳು. ಎರಡು ವರ್ಷದೊಳಗಿನ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು, ಪ್ರತ್ಯೇಕ ಸೀಟು ಬೇಡ ಎನ್ನುತ್ತಾರೆ. ಅವನಿಗಾಗಿ ಪೂರ್ತಿ ಟಿಕೆಟ್ ಕೊಳ್ಳುವುದು ದುಂದುವೆಚ್ಚವೇ?

ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ನಿಮಗೆ ಮನಸಾರೆ ಕೃತಜ್ಞತೆ. ದುಂದುವೆಚ್ಚವಲ್ಲ. ನಿಮಗೆ ಸಾಧ್ಯವಿದ್ದರೆ ಕೊಳ್ಳಿ.

ವಿಮಾನದಲ್ಲಿ ಬಿಸಿನೀರಿನ ಪಾತ್ರೆಗೂ ಒಂದು ಕೊಂಡಿಯಿದೆ, ಊಟದ ಗಾಡಿಗೆ ಬ್ರೇಕ್ ಇದೆ, ನಿಮ್ಮ ಕೈಚೀಲವನ್ನು ಟೇಕಾಫ್‌ಗೆ ಮುನ್ನ ಸೀಟಿನ ಕೆಳಗೆ ತಳ್ಳಿಸುತ್ತೇವೆ. ಬಿಡಿಯಾಗಿ ಏನೂ ಇರಬಾರದು ಎಂಬುದು ನಮಗೆ ಕಲಿಸಿದ ಮೊದಲ ಪಾಠ. ಅಷ್ಟರ ನಡುವೆ ಬಿಡಿಯಾಗಿ ಉಳಿಯುವುದು ಮಡಿಲಲ್ಲಿರುವ ಕೂಸು ಮಾತ್ರ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ರಾತ್ರಿಯ ಒಂದು ಪ್ರಯಾಣದಲ್ಲಿ ಮೋಡವೂ ಇಲ್ಲದ ಆಕಾಶದಲ್ಲಿ ವಿಮಾನ ಒಮ್ಮೆಲೇ ಕುಸಿದಂತಾಯಿತು. ಒಬ್ಬ ತಾಯಿ ಮಗುವನ್ನು ಅಪ್ಪಿಕೊಂಡೇ ತೂಕಡಿಸುತ್ತಿದ್ದರು. ಮಗು ಅವರ ತೋಳಿನಿಂದ ಜಾರಿ ಎದುರು ಸೀಟಿನ ಬೆನ್ನಿಗೆ ಬಡಿದು ಪಕ್ಕದವರ ಕಾಲಮೇಲೆ ಬಿತ್ತು. ಹಣೆ ಊದಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆದರೆ ಆ ತಾಯಿ ಇಳಿಯುವವರೆಗೂ ಹೇಳುತ್ತಲೇ ಇದ್ದರು, "ನಾನು ಗಟ್ಟಿಯಾಗಿ ಹಿಡಿದಿದ್ದೆ, ಗಟ್ಟಿಯಾಗಿಯೇ ಹಿಡಿದಿದ್ದೆ." ಅವರು ಹೇಳಿದ್ದು ನಿಜ. ಅಂಥ ಎಳೆತದ ಮುಂದೆ ಯಾವ ತೋಳಿನ ಬಲವೂ ನಿಲ್ಲುವುದಿಲ್ಲ, ಅಷ್ಟೇ.

ನಮ್ಮ ವೃತ್ತಿಯಲ್ಲಿ ಒಂದು ದಿನಾಂಕವನ್ನು ಯಾರೂ ಮರೆಯುವುದಿಲ್ಲ. 1989ರ ಜುಲೈ 19ರಂದು ಅಮೆರಿಕದ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ 296 ಜನರಿದ್ದ ಡಿಸಿ-10 ವಿಮಾನ ಅಪಘಾತಕ್ಕೀಡಾಯಿತು. ಬಾಲದ ಎಂಜಿನ್ ಒಡೆದು, ವಿಮಾನವನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆಯೇ ಕೈಕೊಟ್ಟಿತ್ತು. ಮಡಿಲಲ್ಲಿ ಕುಳಿತ ನಾಲ್ಕು ಮಕ್ಕಳಿದ್ದರು. ಆಗಿನ ನಿಯಮದಂತೆ ಹಿರಿಯ ಗಗನಸಖಿ ಜ್ಯಾನ್ ಬ್ರೌನ್ ಆ ಮಕ್ಕಳನ್ನು ಕಾಲ ಬಳಿ ನೆಲದ ಮೇಲಿಟ್ಟು ಹಿಡಿದುಕೊಳ್ಳುವಂತೆ ತಂದೆತಾಯಿಯರಿಗೆ ಹೇಳಿದರು. ಹೇಳಲು ಬೇರೆ ದಾರಿಯೇ ಇರಲಿಲ್ಲ. ನಾಲ್ವರಲ್ಲಿ ಒಂದು ಮಗು ಉಳಿಯಲಿಲ್ಲ. ಅದರ ತಾಯಿ ಬದುಕಿದರು. ಮುಂದೆ ಬ್ರೌನ್ ಅವರು, ಪ್ರತಿ ಮಗುವಿಗೂ ಅದರದೇ ಸೀಟು, ಅದರದೇ ಬೆಲ್ಟ್ ಇರಬೇಕೆಂದು ವರ್ಷಗಟ್ಟಲೆ ಒತ್ತಾಯಿಸಿದರು. ಅಮೆರಿಕದ ವಿಮಾನಯಾನ ಇಲಾಖೆ ಅದನ್ನು ಕಡ್ಡಾಯ ಮಾಡಲಿಲ್ಲ. ಟಿಕೆಟ್ ಕಡ್ಡಾಯವಾದರೆ ಹಲವು ಕುಟುಂಬಗಳು ವಿಮಾನ ಬಿಟ್ಟು ಕಾರು ಹಿಡಿಯುತ್ತವೆ, ರಸ್ತೆಯಲ್ಲಿ ಇನ್ನೂ ಹೆಚ್ಚು ಜೀವ ಹೋಗುತ್ತದೆ ಎಂಬುದು ಅದರ ಕಾರಣ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಅದೇ ಇಲಾಖೆ ಪೋಷಕರಿಗೆ ಕೊಡುವ ಸಲಹೆಯೂ ಇದೇ: ಮಗುವಿಗೆ ಸುರಕ್ಷಿತ ಜಾಗ ಮಡಿಲಲ್ಲ, ಅದರ ಅಳತೆಗೆ ತಕ್ಕ ಪ್ರತ್ಯೇಕ ಸೀಟು.

ಸೀಟು ಕೊಂಡ ಮಾತ್ರಕ್ಕೆ ಮುಗಿಯಲಿಲ್ಲ. ಹದಿನಾಲ್ಕು ತಿಂಗಳ ಮಗುವಿಗೆ ದೊಡ್ಡವರ ಬೆಲ್ಟ್ ಹೊಂದುವುದಿಲ್ಲ. ಮನೆಯಲ್ಲಿ ಮಕ್ಕಳ ಕಾರ್ ಸೀಟ್ ಇದ್ದರೆ ಅದನ್ನೇ ಒಯ್ಯಿರಿ, ಆದರೆ ವಿಮಾನಕ್ಕೂ ಒಪ್ಪಿಗೆಯಾದದ್ದು ಎಂಬ ಚೀಟಿ ಅದರ ಮೇಲಿರಬೇಕು. ಅಗಲವನ್ನು ಅಳೆದುಕೊಳ್ಳಿ. ಸಾಮಾನ್ಯ ದರ್ಜೆಯ ಸೀಟು ಸುಮಾರು 43ರಿಂದ 45 ಸೆಂಟಿಮೀಟರ್ ಅಗಲವಿರುತ್ತದೆ, ಅದರಲ್ಲಿ ಕೂರದ ಕಾರ್ ಸೀಟ್ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಅದನ್ನು ಕಿಟಕಿಯ ಪಕ್ಕ ಕಟ್ಟಬೇಕು, ತುರ್ತಿನಲ್ಲಿ ಯಾರ ದಾರಿಗೂ ಅಡ್ಡವಾಗಬಾರದು. ಬೆನ್ನಿಲ್ಲದ ಬೂಸ್ಟರ್ ಸೀಟನ್ನು ವಿಮಾನದಲ್ಲಿ ಬಳಸಲು ಬಿಡುವುದಿಲ್ಲ. ಮಗು ಹತ್ತು ಕಿಲೋ ದಾಟಿದ್ದರೆ ಕೇರ್ಸ್ ಎಂಬ ಪಟ್ಟಿಯೂ ಇದೆ. ಸೀಟಿನ ಬೆನ್ನಿಗೆ ಸುತ್ತಿ ಹೆಗಲ ಮೇಲಿಂದ ಕಟ್ಟುವಂಥದು, 10ರಿಂದ 20 ಕಿಲೋ ತೂಕದ ಮಕ್ಕಳಿಗೆ ಆಗುತ್ತದೆ, ಮಡಚಿದರೆ ಕೈಚೀಲದಲ್ಲಿ ಹಿಡಿಸುತ್ತದೆ. ಏನೇ ಒಯ್ದರೂ ವಿಮಾನ ಸಂಸ್ಥೆಗೆ ಮೊದಲೇ ಕೇಳಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಬಾಗಿಲ ಬಳಿ ನಡೆಯುವುದಿಲ್ಲ.

ಪ್ರತ್ಯೇಕ ಟಿಕೆಟ್ ಕೈಗೆಟುಕುವುದಿಲ್ಲ ಎಂದಾದರೆ ಅದಕ್ಕಾಗಿ ಕೊರಗಬೇಡಿ. ದೊಡ್ಡ ಅನಾಹುತಗಳು ಅಪರೂಪ. ಜನ ಕಡಿಮೆಯಿರುವ ಹೊತ್ತಿನ ವಿಮಾನ ಆರಿಸಿ, ಪಕ್ಕದ ಸೀಟು ಖಾಲಿಯಿದ್ದರೆ ಮಗುವಿನ ಸೀಟನ್ನು ಅಲ್ಲಿ ಕಟ್ಟಲು ಬಿಡುವಿರಾ ಎಂದು ಸಿಬ್ಬಂದಿಯನ್ನು ಕೇಳಿ. ಹಲವು ದೇಶಗಳಲ್ಲಿ ಮಡಿಲ ಮಗುವಿಗೆಂದು ನಿಮ್ಮ ಬೆಲ್ಟ್‌ಗೆ ಪೋಣಿಸುವ ಚಿಕ್ಕ ಬೆಲ್ಟ್ ಕೊಡುತ್ತಾರೆ, ಅದನ್ನು ಪ್ರಯಾಣದುದ್ದಕ್ಕೂ ಹಾಕಿಯೇ ಇರಿ. ಮಗು ಗಾಳಿಗೆ ಚಿಮ್ಮದಂತೆ ಅದು ತಡೆಯುತ್ತದೆ. ಅಪಘಾತದಲ್ಲಿ ಮಾತ್ರ ನಿಮ್ಮದೇ ಮೈ ಮಗುವಿನ ಮೇಲೆ ಬಾಗಿ ಒತ್ತುವ ಅಪಾಯವಿರುವುದರಿಂದ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯಿಲ್ಲ.

ಮರೆಯಬಾರದ ಇನ್ನೊಂದು: ಮಗುವಿಗೆ ಹೊರಡುವಾಗ ಎರಡು ತುಂಬದೆ, ಮರಳುವ ಮೊದಲು ತುಂಬುವುದಿದ್ದರೆ ಮರುಪ್ರಯಾಣಕ್ಕೆ ಪ್ರತ್ಯೇಕ ಸೀಟು ಬೇಕಾಗುತ್ತದೆ.

ನಮಗೆ ಅವಳಿ ಮಕ್ಕಳು. ನಾನೂ ನನ್ನ ಪತಿಯೂ ಒಂದೊಂದು ಮಗುವನ್ನು ಎತ್ತಿಕೊಂಡು ಅಕ್ಕಪಕ್ಕ ಕೂತರೆ ಸಿಬ್ಬಂದಿ ಒಬ್ಬರನ್ನು ಎಬ್ಬಿಸಿ ಬೇರೆಡೆ ಕೂರಿಸಿದರು. ಇದು ಒರಟುತನವಲ್ಲವೇ?

ನಿಮಗೆ ನೋವಾದದ್ದು ಸಹಜ. ಕಾರಣವನ್ನು ಅವರು ಬಿಡಿಸಿ ಹೇಳಬೇಕಿತ್ತು. ನಿಮ್ಮ ತಲೆಯ ಮೇಲಿನ ಹಲಗೆಯೊಳಗೆ ಆಮ್ಲಜನಕದ ಮಾಸ್ಕ್‌ಗಳಿರುತ್ತವೆ. ಮೂರು ಸೀಟುಗಳ ಸಾಲಿಗೆ ಸಾಮಾನ್ಯವಾಗಿ ನಾಲ್ಕು, ಅಂದರೆ ಮಡಿಲ ಮಗುವಿಗೆ ಹೆಚ್ಚುವರಿಯಾಗಿ ಒಂದೇ ಒಂದು. ಅದೇ ಸಾಲಿನಲ್ಲಿ ಎರಡು ಕೂಸುಗಳಿದ್ದರೆ ಒಬ್ಬರಿಗೆ ಮಾಸ್ಕ್ ಇಲ್ಲ. ಮುಂದಿನ ಸಲ ನಡುದಾರಿಯ ಆಚೆಗೊಬ್ಬರು ಈಚೆಗೊಬ್ಬರು ಕೂರುವಂತೆ ಸೀಟು ಆರಿಸಿಕೊಳ್ಳಿ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರವೇ ಇರುತ್ತೀರಿ. ಮತ್ತು ಮಾಸ್ಕ್ ಇಳಿದಾಗ ಮೊದಲು ನೀವು ಹಾಕಿಕೊಳ್ಳಿ. ತಾಯಿಯ ಮನಸ್ಸಿಗೆ ಇದು ಒಗ್ಗುವುದಿಲ್ಲ, ನನಗೂ ತರಬೇತಿಯ ದಿನ ಒಗ್ಗಲಿಲ್ಲ. ಆದರೆ 35,000 ಅಡಿಯಲ್ಲಿ ಒತ್ತಡ ಕಳೆದುಹೋದರೆ ಎಚ್ಚರ ನೆಟ್ಟಗಿರುವುದು ಅರ್ಧದಿಂದ ಒಂದು ನಿಮಿಷ. ನಿಮಗೆ ಕಣ್ಣುಕತ್ತಲೆ ಬಂದರೆ ಮಗುವಿನ ಮುಖಕ್ಕೆ ಮಾಸ್ಕ್ ಹಿಡಿಯುವವರಿಲ್ಲ.

ತೊಟ್ಟಿಲು ಸಿಗುತ್ತದೆಯೇ? ಹಾಲು, ನೀರನ್ನು ತಪಾಸಣೆಯಲ್ಲಿ ತಡೆಯುತ್ತಾರೆಯೇ?

ದೂರದ ಪ್ರಯಾಣದ ವಿಮಾನಗಳಲ್ಲಿ ಬ್ಯಾಸಿನೆಟ್ ಎಂಬ ಪುಟ್ಟ ತೊಟ್ಟಿಲನ್ನು ಮುಂದಿನ ಗೋಡೆಗೆ ಸಿಕ್ಕಿಸುತ್ತಾರೆ. ಬೆರಳೆಣಿಕೆಯಷ್ಟೇ ಇರುವುದರಿಂದ ಟಿಕೆಟ್ ಕೊಂಡ ದಿನವೇ ಕೇಳಿಡಿ, ತೂಕದ ಮಿತಿಯನ್ನೂ ಕೇಳಿ. ಬೆಲ್ಟ್ ದೀಪ ಹೊತ್ತಿದಾಗಲೆಲ್ಲ ಮಲಗಿದ ಮಗುವನ್ನು ಎತ್ತಿಕೊಳ್ಳಬೇಕಾಗುತ್ತದೆ, ಇದಕ್ಕೆ ಸಿದ್ಧರಾಗಿರಿ. ದ್ರವಗಳಿಗೆ 100 ಮಿಲಿಲೀಟರ್ ಮಿತಿ 2006ರಲ್ಲಿ ಬಂತು. ಮಗುವಿನ ಹಾಲು, ಹಿಂಡಿ ತೆಗೆದ ಎದೆಹಾಲು, ಔಷಧಿಗೆ ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಲು ಸಾಮಾನ್ಯವಾಗಿ ವಿನಾಯಿತಿ ಇದೆ. ಬೇರೆ ಚೀಲದಲ್ಲಿಟ್ಟು ನೀವೇ ಮೊದಲು ತೋರಿಸಿ. ಡೈಪರ್ ಲೆಕ್ಕ ಹಾಕಿ ಅದರ ಮೇಲೆ ಅರ್ಧ ದಿನದಷ್ಟು ಹೆಚ್ಚು ಇಟ್ಟುಕೊಳ್ಳಿ. ಮಗುವಿಗೆ ಎರಡು ಜೊತೆ ಬಟ್ಟೆಯಿದ್ದರೆ ನಿಮಗೂ ಒಂದು ಮೇಲಂಗಿ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಮೂರು ವರ್ಷದ ಮೊಮ್ಮಗನನ್ನು ಒಂಬತ್ತು ಗಂಟೆ ಕೂರಿಸುವುದು ಹೇಗಮ್ಮಾ?

ಒಂಬತ್ತು ಗಂಟೆ ಕೂರಿಸುತ್ತೇವೆ ಎಂದುಕೊಳ್ಳಬೇಡಿ ಸ್ವಾಮಿ, ಅರ್ಧ ಗಂಟೆಯಂತೆ ಕೂರಿಸಿ. ಚಿಕ್ಕ ಮಕ್ಕಳಿರುವವರನ್ನು ಮೊದಲು ಹತ್ತಿಸುತ್ತಾರಲ್ಲ, ಆ ಅವಕಾಶವನ್ನು ಒಬ್ಬರು ಮಾತ್ರ ಬಳಸಿ, ಚೀಲಗಳನ್ನು ಒಯ್ದು ಜಾಗ ಸಿದ್ಧ ಮಾಡಲಿ. ಇನ್ನೊಬ್ಬರು ಕೊನೆಯ ಕರೆಯವರೆಗೆ ಹುಡುಗನನ್ನು ಹೊರಗೆ ಓಡಾಡಿಸಲಿ. ಆಟಿಕೆಗಳನ್ನು ಒಟ್ಟಿಗೆ ತೆಗೆಯಬೇಡಿ. ಒಂದೊಂದನ್ನೂ ಕಾಗದದಲ್ಲಿ ಸುತ್ತಿಡಿ, ಬಿಚ್ಚುವುದೇ ಹತ್ತು ನಿಮಿಷದ ಆಟ. ಅಂಟಿಸಿ ಕೀಳುವ ಚಿತ್ರಗಳಷ್ಟು ಹೊತ್ತು ಹಿಡಿದಿಡುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ. ವಾಂತಿಯ ತೊಂದರೆಯಿದ್ದರೆ ರೆಕ್ಕೆಯ ಮೇಲಿನ ಸಾಲು ಕೇಳಿ, ಅಲ್ಲಿ ಕುಲುಕಾಟ ಕಡಿಮೆ. ಅವನು ಎದುರು ಸೀಟನ್ನು ಒದೆಯುತ್ತಿದ್ದರೆ ಬೂಟು ಬಿಚ್ಚಿಬಿಡಿ.

ನನಗೆ ಮಕ್ಕಳಿಲ್ಲ, ಆಗಾಗ ಪ್ರಯಾಣಿಸುತ್ತೇನೆ. ಪಕ್ಕದಲ್ಲಿ ಒಂಟಿ ತಾಯಿ, ಅಳುವ ಮಗು. ನಾನೇನಾದರೂ ಮಾಡಬಹುದೇ ಅಥವಾ ಸುಮ್ಮನಿರುವುದೇ ಮರ್ಯಾದೆಯೇ?

ಇಂಥ ಪತ್ರ ಬಂದದ್ದೇ ನನಗೆ ಸಂತೋಷ. ಮಾಡಬಹುದು. ಮಗುವನ್ನು ಕೊಡಿ ಎಂದು ಕೈಚಾಚುವ ಮೊದಲು ಆಕೆಯನ್ನು ಕೇಳಿ. ನಿಮ್ಮ ಬಿಸಿ ಪಾನೀಯವನ್ನು ಮಗುವಿನ ಕೈಗೆಟುಕದ ಕಡೆ ಇಡಿ, ಅದರ ತಲೆಯ ಮೇಲಿಂದ ಯಾವ ಲೋಟವನ್ನೂ ದಾಟಿಸಬೇಡಿ. ಸುಟ್ಟ ಗಾಯಗಳು ನಾನು ಕಂಡದ್ದು ಹೀಗೆಯೇ. ಆಕೆ ಶೌಚಾಲಯಕ್ಕೆ ಹೋಗಬೇಕೆಂದು ಹೇಳಲಾಗದೆ ಕೂತಿರಬಹುದು. ಸಿಬ್ಬಂದಿಯನ್ನು ಕರೆಯುವ ಗುಂಡಿಯನ್ನು ನೀವೇ ಒತ್ತಿ. ಇಳಿಯುವಾಗ ಆಕೆಯ ಚೀಲವನ್ನು ಮೇಲಿನ ಕಪಾಟಿನಿಂದ ತೆಗೆದುಕೊಟ್ಟು, ತಳ್ಳುಗಾಡಿ ಬಾಗಿಲ ಬಳಿ ಬರುವವರೆಗೆ ಅದನ್ನು ಹಿಡಿದು ನಿಂತಿರಿ.